ಮೊದಲು ಮೀನಿನ ಬಾಯಿ ನೋಡಿ, ಆಮೇಲೆ ಗಾಳ ಹಾಕಿ

ಕಾರಂಜಾ, ಬೆಣ್ಣೆತೊರಾ ಅಥವಾ ಹತ್ತಿಕುಣಿ ಜಲಾಶಯದ ದಂಡೆಗೆ ರಜಾ ದಿನ ಹೋದರೆ ಗಾಳ ಹಿಡಿದು ಕುಳಿತ ನಾಲ್ಕಾರು ಮಂದಿ ಸಿಕ್ಕೇ ಸಿಗುತ್ತಾರೆ. ಬಹುತೇಕರ ಸರಂಜಾಮು ಒಂದೇ ಬಗೆಯದು: ಒಂದು ಕೊಕ್ಕೆ, ಒಂದು ಬೆಂಡು, ಡಬ್ಬಿಯಲ್ಲಿ ಎರೆಹುಳು. ಒಬ್ಬರಿಗೆ ಸಂಜೆಯೊಳಗೆ ಚೀಲ ತುಂಬುತ್ತದೆ, ಪಕ್ಕದಲ್ಲೇ ಕುಳಿತವರಿಗೆ ಬೆಂಡು ಅಲುಗುವುದೂ ಇಲ್ಲ. ನಸೀಬು ಸರಿಯಿಲ್ಲ ಎಂದು ಅವರು ಎದ್ದು ಹೋಗುತ್ತಾರೆ. ನಸೀಬಿನ ಪಾಲು ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ನೀರಿನ ಮೇಲ್ಪದರದಲ್ಲಿ ತಿನ್ನುವ ಮೀನಿಗೆ ತಳದಲ್ಲಿ ಎರೆ ಇಟ್ಟು ಕಾಯುವುದು ನಸೀಬಿನ ಪ್ರಶ್ನೆಯಲ್ಲ. ಯಾವ ಮೀನು ಎಲ್ಲಿ, ಏನು, ಯಾವಾಗ ತಿನ್ನುತ್ತದೆ ಎಂಬುದರ ಉತ್ತರ ಅದರ ಬಾಯಿಯಲ್ಲೇ ಇದೆ. ಮಾರುಕಟ್ಟೆಯಲ್ಲಿ ಮೀನು ಕೊಳ್ಳುವಾಗ ಒಂದು ನಿಮಿಷ ನಿಂತು ನೋಡಿದರೆ ಸಾಕು, ಅರ್ಧ ಪಾಠ ಅಲ್ಲೇ ಮುಗಿಯುತ್ತದೆ.

ಬಿಸಿಲ ನಾಡು, ತೊಗರಿಯ ಕಣಜ ಎಂದು ಹೆಸರಾದ ನಮ್ಮ ಸೀಮೆಗೆ ಮೀನಿನ ಸಂಬಂಧ ಎಲ್ಲಿಂದ ಬಂತು ಎಂದು ಕೇಳುವವರಿದ್ದಾರೆ. ಸಂಬಂಧ ಗಟ್ಟಿಯಾಗಿಯೇ ಇದೆ. ಬೀದರ್ ಜಿಲ್ಲೆಯ ಕಾರಂಜಾ ಮತ್ತು ಮಾಂಜ್ರಾ ನದಿಗಳ ನೀರು ಗೋದಾವರಿಗೆ ಸೇರುತ್ತದೆ. ಕಲಬುರಗಿಯ ಬೆಣ್ಣೆತೊರಾ, ಮುಲ್ಲಾಮಾರಿಗಳು ಕಾಗಿಣಾ ನದಿಯ ಮೂಲಕ ಭೀಮೆಗೆ, ಭೀಮೆ ಕೃಷ್ಣೆಗೆ. ಆಳಂದದ ಅಮರ್ಜಾ ನೇರವಾಗಿ ಭೀಮೆಗೇ ಬೀಳುತ್ತದೆ. ಯಾದಗಿರಿಯಲ್ಲಿ ಭೀಮೆಯೂ ಇದೆ, ಸುರಪುರ-ಶಹಾಪುರದ ಕಡೆ ಕೃಷ್ಣೆಯೂ ಇದೆ, ನಾರಾಯಣಪುರದ ಬಸವಸಾಗರವೂ ಇದೆ. ಹೀಗೆ ಎರಡು ದೊಡ್ಡ ನದೀವ್ಯವಸ್ಥೆಗಳ ಮೀನುಗಳು ಮೂರೇ ಜಿಲ್ಲೆಗಳಲ್ಲಿ ಸಿಗುತ್ತವೆ. ಇನ್ನೊಂದು ಸಂಗತಿ: ಮಂಗಳೂರಿನ ಮೀನುಗಾರಿಕೆ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆಯೋ ಆ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೀದರಿನಲ್ಲಿ.

ಗಾಳಕ್ಕೆ ಸಿಗುವ ಮೀನುಗಳಲ್ಲಿ ಮೊದಲು ಬರುವುದು ಕಾಟ್ಲಾ, ರೋಹು, ಮೃಗಾಲ್. ಮೂರೂ ಗೆಂಡೆ ಜಾತಿಯವು. ದೂರದಿಂದ ಒಂದೇ ಎನಿಸಿದರೂ ಬಾಯಿ ಮೂರು ಬಗೆ. ಕಾಟ್ಲಾದ ತಲೆ ದೊಡ್ಡದು, ಕೆಳದವಡೆ ಮುಂದೆ ಚಾಚಿ ಬಾಯಿ ಮೇಲ್ಮುಖವಾಗಿ ತೆರೆದುಕೊಳ್ಳುತ್ತದೆ, ಮೀಸೆ ಇಲ್ಲ. ಮೇಲಿನ ಪದರದ ನೀರನ್ನು ಬಾಯಿಗೆಳೆದುಕೊಂಡು, ಅದರಲ್ಲಿ ತೇಲುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಕಿವಿರಿನ ಒಳಗಿನ ನವಿರಾದ ಜಾಲರಿಯಲ್ಲಿ ಸೋಸಿ ನುಂಗುವುದು ಅದರ ಕ್ರಮ. ರೋಹುವಿನ ಬಾಯಿ ಚಿಕ್ಕದು, ಸ್ವಲ್ಪ ಕೆಳಕ್ಕೆ ಬಾಗಿದ್ದು. ತುಟಿಯ ಅಂಚನ್ನು ಬೆರಳಿನಲ್ಲಿ ಎಳೆದು ನೋಡಿದರೆ ಸೀರೆಯ ಕುಚ್ಚಿನಂತಹ ಜೂಲು ಕಾಣುತ್ತದೆ. ಅದು ನಡುನೀರಿನಲ್ಲಿ ಓಡಾಡುತ್ತ ಪಾಚಿ, ಕೊಳೆತ ಎಲೆ, ಮೆತ್ತನೆಯ ಸಸ್ಯಭಾಗಗಳನ್ನು ಕೆರೆದು ತಿನ್ನುತ್ತದೆ. ಮೃಗಾಲ್‌ನ ಬಾಯಿ ಅಗಲ, ತುಟಿ ತೆಳು, ಜೂಲಿಲ್ಲ, ಮೈ ಬೆಳ್ಳಗೆ ಉದ್ದ. ಅದು ತಳದ ಕೆಸರಿನಲ್ಲಿ ಸೇರಿಕೊಂಡ ಕೊಳೆತ ಕಸವನ್ನು ಹುಡುಕಿ ತಿನ್ನುವ ಮೀನು. ಮೀನು ಸಾಕುವವರು ಈ ಮೂರನ್ನು ಒಂದೇ ಕೆರೆಯಲ್ಲಿ ಬಿಡುವುದಕ್ಕೆ ಕಾರಣವೂ ಇದೇ. ಮೇಲು, ನಡು, ತಳ ಮೂರೂ ಕಡೆಯ ಮೇವು ಬಳಕೆಯಾಗುತ್ತದೆ, ಒಂದರ ಊಟಕ್ಕೆ ಇನ್ನೊಂದು ಅಷ್ಟಾಗಿ ಅಡ್ಡ ಬರುವುದಿಲ್ಲ.

ಇಷ್ಟು ಗೊತ್ತಾದ ಮೇಲೆ ಬೆಂಡನ್ನು ಎಲ್ಲಿ ಕಟ್ಟಬೇಕೆಂಬುದು ತಾನಾಗಿ ತಿಳಿಯುತ್ತದೆ. ಕಾಟ್ಲಾ ಬೇಕಿದ್ದರೆ ಬೆಂಡಿನಿಂದ ಕೊಕ್ಕೆಗೆ ಎರಡು-ಮೂರು ಅಡಿ ದಾರ ಸಾಕು. ರೋಹುವಿಗೆ ನೀರಿನ ಅರ್ಧ ಆಳ ಅಥವಾ ಅದಕ್ಕಿಂತ ತುಸು ಕೆಳಗೆ. ಮೃಗಾಲ್‌ಗೆ ಎರೆ ನೆಲ ಮುಟ್ಟಲೇಬೇಕು. ಎರೆಹುಳು ಹಾಕಿ ಕಾಟ್ಲಾಕ್ಕೆ ಕಾಯುವವರು ಬಹಳ ಹೊತ್ತು ಕಾಯುತ್ತಾರೆ. ಸೋಸಿ ತಿನ್ನುವ ಮೀನಿಗೆ ನೀರಿನಲ್ಲಿ ಪುಡಿಪುಡಿಯಾಗಿ ಹರಡುವ ಹಿಟ್ಟಿನ ಉಂಡೆಯೇ ಬೇಕು.

ಗೆಂಡೆಗಳ ಮೈಯೊಳಗೆ ಇನ್ನೂ ಎರಡು ಸಂಗತಿಗಳಿವೆ. ಒಂದು, ಅವುಗಳಿಗೆ ಜಠರವಿಲ್ಲ. ದವಡೆಯಲ್ಲಿ ಹಲ್ಲೂ ಇಲ್ಲ, ಗಂಟಲಿನಲ್ಲಿರುವ ಹಲ್ಲುಗಳಿಂದ ಅರೆದ ಮೇವು ನೇರವಾಗಿ ಕರುಳಿಗೆ ಹೋಗುತ್ತದೆ. ಒಂದೇ ಸಲ ಹೊಟ್ಟೆ ತುಂಬಿಸಿಕೊಂಡು ದಿನವಿಡೀ ಮಲಗುವ ಸೌಲಭ್ಯ ಅವಕ್ಕಿಲ್ಲ, ಸ್ವಲ್ಪಸ್ವಲ್ಪವೇ ತಿನ್ನುತ್ತಲೇ ಇರಬೇಕು. ಆದ್ದರಿಂದ ಗಾಳ ಹಾಕುವ ಜಾಗದಲ್ಲಿ ಮೊದಲೇ ಸ್ವಲ್ಪ ಹಿಟ್ಟು ಚೆಲ್ಲಿ ಮೀನನ್ನು ಕರೆಯುವ ಪದ್ಧತಿ ಫಲ ಕೊಡುತ್ತದೆ, ಹೆಚ್ಚು ಚೆಲ್ಲಿದರೆ ಅವು ಚೆಲ್ಲಿದ್ದನ್ನೇ ತಿಂದುಕೊಂಡಿರುತ್ತವೆ. ಎರಡು, ಗೆಂಡೆಗಳ ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಮೂಳೆಗಳ ಒಂದು ಸರಣಿಯಿದೆ. ನೀರಿನಲ್ಲಿ ಹರಿದುಬಂದ ಕಂಪನ ಗಾಳಿಚೀಲಕ್ಕೆ ತಾಗಿ, ಮೂಳೆಗಳ ಮೂಲಕ ಕಿವಿಗೆ ಮುಟ್ಟುತ್ತದೆ. ಮೀಸೆ ಮೀನುಗಳಿಗೂ (ಕ್ಯಾಟ್‌ಫಿಶ್) ಇದೇ ಏರ್ಪಾಡು ಇದೆ. ದಂಡೆಯ ಮೇಲೆ ಮಾತನಾಡಿದರೆ ಅಷ್ಟೇನೂ ತೊಂದರೆಯಿಲ್ಲ, ಏಕೆಂದರೆ ಗಾಳಿಯ ಸದ್ದು ನೀರಿನೊಳಕ್ಕೆ ಇಳಿಯುವುದು ಕಡಿಮೆ. ಒಣಗಿ ಗಟ್ಟಿಯಾದ ಎರೆಮಣ್ಣಿನ ದಂಡೆಯ ಮೇಲೆ ದಪದಪ ಹೆಜ್ಜೆ ಹಾಕಿದರೆ, ನೀರಿಗೆ ಕಲ್ಲು ಉರುಳಿಸಿದರೆ ಮಾತ್ರ ಮೀನು ದೂರ ಸರಿಯುವುದು ಖಂಡಿತ.

ಎರೆಯ ಹಿಟ್ಟಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮನೆಗಳಲ್ಲಿ ಜೋಳದ ಹಿಟ್ಟಿಗೆ ಬರವಿಲ್ಲ, ಅದನ್ನೇ ಕಲಸಿಕೊಂಡು ಹೋಗುವವರು ಬಹಳ. ರೊಟ್ಟಿ ಬಡಿಯುವ ಯಾರನ್ನು ಕೇಳಿದರೂ ಹೇಳುತ್ತಾರೆ: ಜೋಳದ ಹಿಟ್ಟಿಗೆ ಅಂಟು ಇಲ್ಲ, ಕುದಿಯುವ ಎಸರು ಹಾಕದೆ ಅದು ಕೂಡಿಕೊಳ್ಳುವುದಿಲ್ಲ. ತಣ್ಣೀರಿನಲ್ಲಿ ಕಲಸಿದ ಉಂಡೆ ಕೊಕ್ಕೆಯ ಮೇಲೆ ಎರಡು ನಿಮಿಷವೂ ನಿಲ್ಲದೆ ಕರಗಿ ಹೋಗುತ್ತದೆ. ಗೋಧಿ ಹಿಟ್ಟಿಗೆ ಅಂಟು ಇದೆ, ಆದರೆ ಅದೊಂದನ್ನೇ ಗಟ್ಟಿಯಾಗಿ ನಾದಿದರೆ ರಬ್ಬರಿನಂತಾಗಿ ವಾಸನೆಯೂ ಹರಡುವುದಿಲ್ಲ, ಪುಡಿಯೂ ಉದುರುವುದಿಲ್ಲ. ಆದ್ದರಿಂದ ಎರಡನ್ನೂ ಸೇರಿಸಬೇಕು. ಗೋಧಿ ಹಿಡಿದುಕೊಳ್ಳಲು, ಜೋಳ ಉದುರಲು, ಶೇಂಗಾ ಹಿಂಡಿ ವಾಸನೆಗೆ. ಹಿಂಡಿಯನ್ನು ತುಸು ಹುರಿದು ಪುಡಿ ಮಾಡಿದರೆ ಪರಿಮಳ ಇನ್ನೂ ಏಳುತ್ತದೆ. ಕಾಟ್ಲಾಕ್ಕಾದರೆ ಜೋಳದ ಪಾಲು ಹೆಚ್ಚಿಸಿ ಉಂಡೆ ಸಡಿಲವಾಗಿರಲಿ, ಮೃಗಾಲ್‌ಗೆ ಗೋಧಿ ಹೆಚ್ಚಿಸಿ ಗಟ್ಟಿ ಮಾಡಿ. ಚರಿಗೆ ನೀರಿನಲ್ಲಿ ಒಂದು ಉಂಡೆ ಮುಳುಗಿಸಿ ಎಷ್ಟು ಹೊತ್ತಿಗೆ ಕರಗುತ್ತದೆ ಎಂದು ಮನೆಯಲ್ಲೇ ಪರೀಕ್ಷಿಸಬಹುದು. ಹತ್ತು-ಹದಿನೈದು ನಿಮಿಷ ನಿಂತರೆ ಹದ ಬಂದಿದೆ ಎಂದು ತಿಳಿಯಿರಿ.

ಬೆಂಡು ಏನು ಹೇಳುತ್ತದೆ ಎಂಬುದನ್ನೂ ಕಲಿಯಬೇಕು. ಜೋಳದ ದಂಟಿನ ಒಳತಿರುಳಾದರೂ ಸರಿ, ಅಂಗಡಿಯ ಪ್ಲಾಸ್ಟಿಕ್ ಆದರೂ ಸರಿ, ಬೆಂಡು ಸಣ್ಣದಾಗಿರಬೇಕು. ಗೆಂಡೆ ಎರೆಯನ್ನು ಮೊದಲು ತುಟಿಯಿಂದ ತಡವುತ್ತದೆ, ಬಾಯಿಗೆ ಹಾಕಿ ಉಗುಳುತ್ತದೆ, ಮತ್ತೆ ತೆಗೆದುಕೊಳ್ಳುತ್ತದೆ. ಆಗ ಬೆಂಡು ನಡುಗುತ್ತದೆ ಅಷ್ಟೇ. ಆ ನಡುಕಕ್ಕೆ ಎಳೆದರೆ ಕೊಕ್ಕೆ ಬರಿದಾಗಿ ಬರುತ್ತದೆ. ಬೆಂಡು ಒಂದೇ ದಿಕ್ಕಿಗೆ ಓರೆಯಾಗಿ ಜಾರಿದಾಗ, ಇಲ್ಲವೇ ತಳದ ಮೀನು ಎರೆಯನ್ನು ಎತ್ತಿಕೊಂಡದ್ದರಿಂದ ಬೆಂಡು ನೀರಿನ ಮೇಲೆ ಅಡ್ಡ ಮಲಗಿದಾಗ ಎಳೆಯಬೇಕು. ಟಕಟಕ ಎಂದು ಕುಕ್ಕಿದರೆ ಅದು ಜಿಲೇಬಿ ಮೀನು (ತಿಲಾಪಿಯಾ) ಅಥವಾ ಸಣ್ಣ ಪುಡಿಮೀನು. ಬೆಂಡು ಯಾವ ಸೂಚನೆಯೂ ಇಲ್ಲದೆ ಒಮ್ಮೆಲೇ ಮುಳುಗಿದರೆ ಮೀಸೆ ಮೀನು ಇರಬಹುದು.

ಈ ಮೂರು ಗೆಂಡೆಗಳು ನಮ್ಮ ಜಲಾಶಯಗಳಲ್ಲಿ ತಾವಾಗಿ ಹೆಚ್ಚಿದವಲ್ಲ ಎಂಬುದನ್ನು ಗಾಳ ಹಿಡಿಯುವ ಪ್ರತಿಯೊಬ್ಬರೂ ತಿಳಿದಿರಬೇಕು. ಇವು ಮುಖ್ಯವಾಗಿ ಗಂಗಾ ನದೀವ್ಯವಸ್ಥೆಯ ಮೀನುಗಳು. ಮಳೆಗಾಲದ ಹರಿಯುವ ನೀರಿನಲ್ಲಲ್ಲದೆ ನಿಂತ ಕೆರೆಯಲ್ಲಿ ಮೊಟ್ಟೆ ಇಡುವುದಿಲ್ಲ. ಹಿಂದೆ ಮರಿ ಬೇಕಿದ್ದರೆ ನದಿಯಿಂದಲೇ ಹಿಡಿದು ತರಬೇಕಿತ್ತು, ಅದರಲ್ಲಿ ಬೇಡದ ಜಾತಿಗಳೂ ಬೆರೆತು ಬರುತ್ತಿದ್ದವು. ವಿಜ್ಞಾನಿ ಹೀರಾಲಾಲ್ ಚೌಧುರಿ ಒಡಿಶಾದ ಅಂಗುಲ್‌ನಲ್ಲಿ 1957ರ ಜುಲೈ 10ರಂದು, ಮೀನಿನ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಗೆಂಡೆಗಳಿಂದ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಜುಲೈ 10ನ್ನು ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುವುದು ಇದೇ ನೆನಪಿಗೆ. ಇಂದು ಮರಿ ಉತ್ಪಾದನಾ ಕೇಂದ್ರಗಳಿಂದ ಬಂದ ಬಿತ್ತನೆ ಮರಿಗಳನ್ನು ಕೆರೆ-ಜಲಾಶಯಗಳಿಗೆ ಬಿಡುತ್ತಾರೆ. ಎಷ್ಟೋ ಕೆರೆಗಳಲ್ಲಿ ಆ ಮರಿಗಳ ಹಣ ಮೀನುಗಾರರ ಸಹಕಾರ ಸಂಘದ್ದು. ನಿಮ್ಮ ಗಾಳಕ್ಕೆ ಬಿದ್ದ ಎರಡು ಕಿಲೋ ರೋಹು ಯಾರೋ ದುಡ್ಡು ಹಾಕಿ, ಕಾದು, ಬೆಳೆಸಿದ ಬೆಳೆ. ಹೊಲದಲ್ಲಿ ನಿಂತ ತೊಗರಿಯನ್ನು ಕೇಳದೆ ಕಿತ್ತುಕೊಳ್ಳುವುದಿಲ್ಲ, ಇದನ್ನೂ ಹಾಗೆ ಮಾಡಬಾರದು.

ಸಾಮಾನ್ಯ ಗೆಂಡೆ ಬೇರೆ ಸ್ವಭಾವದ್ದು. ಎರಡು ಜೊತೆ ಮೀಸೆ, ಮುಂದಕ್ಕೆ ಚಾಚಿಕೊಳ್ಳುವ ಬಾಯಿ, ಕೆಸರನ್ನು ಅಗೆದು ತಿನ್ನುವ ಚಟ. ಇದು ನಿಂತ ನೀರಿನಲ್ಲೂ ಮರಿ ಮಾಡುತ್ತದೆ. ಎರೆಹುಳು, ಹಿಟ್ಟು ಎರಡನ್ನೂ ತಿನ್ನುತ್ತದೆ, ಕೊಕ್ಕೆಗೆ ಬಿದ್ದ ಮೇಲೆ ಚೆನ್ನಾಗಿ ಜಗ್ಗುತ್ತದೆ. ಹುಲ್ಲು ಗೆಂಡೆ ಹೆಸರಿಗೆ ತಕ್ಕಂತೆ ಸೊಪ್ಪು ತಿನ್ನುವುದು. ಜಿಲೇಬಿಯ ಬಗ್ಗೆ ಹೇಳುವುದು ಸ್ವಲ್ಪವೇ. 1952ರಲ್ಲಿ ಭಾರತಕ್ಕೆ ಬಂದ ಆಫ್ರಿಕಾ ಮೂಲದ ಮೀನು, ತಾಯಿ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಕಾಯುವುದರಿಂದ ಬಹುಪಾಲು ಮರಿಗಳು ಉಳಿಯುತ್ತವೆ, ಕೆರೆ ತುಂಬುತ್ತದೆ, ಮೇವು ಸಾಲದೆ ಮೀನು ಅಂಗೈಯಗಲಕ್ಕೇ ನಿಲ್ಲುತ್ತದೆ. ಮಕ್ಕಳಿಗೆ ಗಾಳ ಕಲಿಸಲು ಇದಕ್ಕಿಂತ ಒಳ್ಳೆಯ ಮೀನಿಲ್ಲ, ಎಷ್ಟು ಹಿಡಿದರೂ ಕೆರೆಗೆ ನಷ್ಟವಿಲ್ಲ.

ನನ್ನ ಮಟ್ಟಿಗೆ ಈ ಸೀಮೆಯ ಗಾಳದ ಮೀನುಗಳ ರಾಜ ಕೊರವ. ಹೈದರಾಬಾದ್ ಕಡೆಯ ರೂಢಿಯಲ್ಲಿ ಇದೇ ಮರಲ್. ಮೃಗಶಿರಾ ಮಳೆ ಕೂಡುವ ಹೊತ್ತಿಗೆ ಹೈದರಾಬಾದಿನಲ್ಲಿ ಅಸ್ತಮಾ ರೋಗಿಗಳಿಗೆ ಔಷಧದ ಜೊತೆ ನುಂಗಿಸುವ ಜೀವಂತ ಮರಿ ಈ ಕುಲದ್ದೇ. ಹಾವಿನಂತಹ ಚಪ್ಪಟೆ ತಲೆ, ಉದ್ದನೆಯ ದುಂಡು ಮೈ, ಹಲ್ಲುಗಳಿರುವ ಅಗಲ ಬಾಯಿ. ಇದರ ಅಣ್ಣನಂತಿರುವ ಹೂಮೀನಿನ ಬಾಲದ ಬುಡದಲ್ಲಿ ಕಣ್ಣಿನಾಕಾರದ ಮಚ್ಚೆ ಇರುತ್ತದೆ, ಅದು ಒಂದು ಮೀಟರಿಗೂ ಮೀರಿ ಬೆಳೆಯಬಲ್ಲದು. ಕೊರವಕ್ಕೆ ಕಿವಿರು ಇದ್ದರೂ ಅದೊಂದೇ ಸಾಲದು. ತಲೆಯೊಳಗೆ ಕಿವಿರಿನ ಮೇಲ್ಭಾಗದಲ್ಲಿ ಗಾಳಿ ಹೀರುವ ಕೋಶವಿದೆ, ಆಗಾಗ ಮೇಲೆ ಬಂದು ಗುಟುಕು ಗಾಳಿ ತೆಗೆದುಕೊಳ್ಳಲೇಬೇಕು. ಬಲೆಗೆ ಸಿಕ್ಕಿ ಮೇಲೆ ಬರಲಾಗದಿದ್ದರೆ ಈ ಮೀನು ನೀರಿನಲ್ಲೇ ಉಸಿರುಗಟ್ಟಿ ಸಾಯುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಬೇರೆ ಮೀನುಗಳೆಲ್ಲ ಸತ್ತರೂ ಇದು ಹಸಿ ಕೆಸರಿನೊಳಗೆ ಹುದುಗಿ ಮಳೆಗೆ ಕಾಯುವುದು ಇದೇ ಶಕ್ತಿಯಿಂದ. ಬಿಸಿಲ ನಾಡಿಗೆ ಹೇಳಿ ಮಾಡಿಸಿದ ಮೀನು ಎಂದರೆ ಇದೇ.

ಗಾಳಿಗಾಗಿ ಮೇಲೆ ಬರುವುದೇ ಅದರ ಠಾವನ್ನು ತೋರಿಸಿಕೊಡುತ್ತದೆ. ಜೊಂಡು, ತಾವರೆ ಎಲೆ, ಮುಳುಗಿದ ಜಾಲಿಯ ಬಳಿ ಬೆಳಗಿನ ಹೊತ್ತು ನಿಂತು ನೋಡುತ್ತಿದ್ದರೆ ನೀರು ಗುಳುಕ್ಕೆಂದು ಒಡೆದು ಉಂಗುರ ಹರಡುವುದು ಕಾಣುತ್ತದೆ. ಅದರ ತುಸು ಆಚೆಗೆ ಕಪ್ಪೆಯಾಕಾರದ ರಬ್ಬರ್ ಎರೆಯನ್ನು ಎಸೆದು ಎಲೆಗಳ ಮೇಲೆ ತಡೆತಡೆದು ಎಳೆದುಕೊಂಡು ಬರಬೇಕು. ಕೊರವ ಹೊಂಚು ಹಾಕಿ ಹೊಡೆಯುವ ಮೀನು, ಹಿಟ್ಟಿಗೆ ತಿರುಗಿಯೂ ನೋಡುವುದಿಲ್ಲ. ಹೊಡೆತ ಬಿದ್ದ ಕೂಡಲೇ ಎಳೆಯದೆ ಒಂದು ಕ್ಷಣ ತಡೆದು, ಅದು ಬಾಯಿ ಮುಚ್ಚಿ ತಿರುಗಿದ ಮೇಲೆ ಬಲವಾಗಿ ಎಳೆಯಬೇಕು. ಜೊಂಡಿನೊಳಗೆ ನುಗ್ಗಲು ಬಿಟ್ಟರೆ ದಾರ ತುಂಡಾಗುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಮಳೆಗಾಲದಲ್ಲಿ ನೀರಿನ ಮೇಲೆ ಕೆಂಪು-ಕಿತ್ತಳೆ ಬಣ್ಣದ ಸಣ್ಣ ಮರಿಗಳ ಗುಂಪು ಕುದಿಯುವಂತೆ ಮಿಸುಕುತ್ತ ಸಾಗುವುದನ್ನು ಕಂಡರೆ ಅದರ ಕೆಳಗೆ ತಂದೆತಾಯಿ ಕೊರವ ಇದೆ ಎಂದರ್ಥ. ಮರಿಗಳ ಹತ್ತಿರ ಏನು ಬಂದರೂ ಅದು ಮೇಲೆ ಬೀಳುತ್ತದೆ, ಹಸಿವಿನಿಂದಲ್ಲ, ಕಾವಲಿಗಾಗಿ. ಆಗ ಅದನ್ನು ಹಿಡಿಯುವುದು ತೀರಾ ಸುಲಭ, ಹಿಡಿದವರು ಫೋಟೊ ತೆಗೆಸಿಕೊಳ್ಳುವುದನ್ನೂ ಕಂಡಿದ್ದೇನೆ. ಕಾವಲು ಹೋದ ಮರಿಗಳನ್ನು ಇತರ ಮೀನುಗಳು ಬೇಗನೆ ತಿಂದು ಮುಗಿಸುತ್ತವೆ. ಒಂದು ಮೀನಿನ ಆಸೆಗೆ ಒಂದು ಇಡೀ ಸಂಸಾರ ಹೋಗುತ್ತದೆ. ಮರಿಗುಂಪು ಕಂಡ ಜಾಗದಲ್ಲಿ ಗಾಳ ಬೇಡವೇ ಬೇಡ.

ಭೀಮೆ ಮತ್ತು ಕೃಷ್ಣೆಯ ಆಳದ ಮಡುಗಳ ಮೀನು ಬಾಳೆ. ಬಾಯಿಯ ಸೀಳು ಕಣ್ಣನ್ನೂ ದಾಟಿ ಹಿಂದಕ್ಕೆ ಹೋಗುತ್ತದೆ, ಮೀಸೆ ಉದ್ದ, ಮೈಮೇಲೆ ಹುರುಪೆಯಿಲ್ಲ. ಹಗಲು ಅವಿತಿದ್ದು ಕತ್ತಲಾದ ಮೇಲೆ ಬೇಟೆಗಿಳಿಯುತ್ತದೆ. ಇದಕ್ಕೆ ಸಣ್ಣ ಮೀನು ಅಥವಾ ಕೋಳಿಯ ಕರುಳು ಎರೆಯಾಗಿ ಸಲ್ಲುತ್ತದೆ, ಹಲ್ಲು ಚೂಪಾಗಿರುವುದರಿಂದ ಕೊಕ್ಕೆಯ ಬಳಿ ಉಕ್ಕಿನ ತಂತಿ ಬೇಕು. ಅತಿಯಾಗಿ ಹಿಡಿದಿದ್ದರಿಂದ ಇದರ ಸಂತತಿ ಕುಗ್ಗಿದೆ, ಜಾಗತಿಕವಾಗಿ ಅಪಾಯದಲ್ಲಿರುವ ಮೀನುಗಳ ಸಾಲಿಗೆ ಸೇರಿದೆ. ಸಿಕ್ಕರೆ ಬಿಟ್ಟುಬಿಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಆಫ್ರಿಕನ್ ಕ್ಯಾಟ್‌ಫಿಶ್‌ಗೆ ಮಾತ್ರ ಈ ದಾಕ್ಷಿಣ್ಯ ಬೇಡ. ದೇಶದಲ್ಲಿ ಅದನ್ನು ಸಾಕುವುದೇ ನಿಷಿದ್ಧ, ಇದ್ದಬದ್ದ ಮೀನುಗಳನ್ನೆಲ್ಲ ತಿಂದುಹಾಕುವ ಅದನ್ನು ಮತ್ತೆ ನೀರಿಗೆ ಬಿಡಬಾರದು. ಮೀಸೆ ಮೀನುಗಳನ್ನು ಕೊಕ್ಕೆಯಿಂದ ಬಿಡಿಸುವಾಗ ಎದೆಯ ಎರಡೂ ಪಕ್ಕದ ಮುಳ್ಳುಗಳ ಹಿಂದೆ ಬೆರಳು ಕೊಟ್ಟು ಹಿಡಿಯಿರಿ. ಚೇಳು ಮೀನಿನ ಮುಳ್ಳಿಗೆ ವಿಷವಿದೆ, ಚುಚ್ಚಿದರೆ ಗಂಟೆಗಟ್ಟಲೆ ಉರಿಯುತ್ತದೆ.

ಮೀನಿನಷ್ಟೇ ನೀರನ್ನೂ ಓದಬೇಕು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆಯಾಗುತ್ತದೆ. 20 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ಗಾಳಿಯ ತಾಪ 40 ದಾಟುವ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ ದಂಡೆಯ ತೆಳುನೀರು ಮಧ್ಯಾಹ್ನ ಮೀನಿಗೆ ಸಹಿಸಲಾಗದಷ್ಟು ಬಿಸಿಯಾಗಿರುತ್ತದೆ, ಮೀನು ಆಳಕ್ಕೆ ಸರಿಯುತ್ತದೆ. ಆ ದಿನಗಳಲ್ಲಿ ಮುಂಜಾವು ಮತ್ತು ಸೂರ್ಯ ಇಳಿದ ಮೇಲಿನ ಹೊತ್ತು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ಜಲಾಶಯಕ್ಕೆ ಹೊಸ ನೀರು ಬಂದಾಗ ಎರೆಮಣ್ಣು ಕದಡಿ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಆಗ ಕಣ್ಣಿಗೆ ಕಾಣುವ ಎರೆಗೆ ಬೆಲೆಯಿಲ್ಲ, ವಾಸನೆಯ ಎರೆಯೇ ಬೇಕು. ನೀರು ತಿಳಿಯಾಗುವ ಅಕ್ಟೋಬರಿನಿಂದ ಕೊರವಕ್ಕೆ ಒಳ್ಳೆಯ ಕಾಲ. ಚಳಿ ಹೆಚ್ಚಿದ ವಾರಗಳಲ್ಲಿ ಗೆಂಡೆಗಳ ಹಸಿವು ತಗ್ಗುತ್ತದೆ.

ಬೇಸಿಗೆಗೆ ಒಂದು ಉಪಯೋಗವಿದೆ, ಅದನ್ನು ಬಹಳ ಮಂದಿ ಕಳೆದುಕೊಳ್ಳುತ್ತಾರೆ. ಮೇ ತಿಂಗಳಲ್ಲಿ ನೀರು ತಳ ಸೇರಿದಾಗ ಗಾಳವಿಲ್ಲದೆ ಒಮ್ಮೆ ಹೋಗಿ ಬನ್ನಿ. ಹಳೆಯ ನದಿಪಾತ್ರ ಎಲ್ಲಿ ಹಾದುಹೋಗಿದೆ, ಮುಳುಗಿದ ಹೊಲಗಳ ಬದು, ಕಲ್ಲಿನ ಬಾವಿ, ಜಾಲಿಯ ಬೊಡ್ಡೆ ಎಲ್ಲಿವೆ ಎಂಬುದೆಲ್ಲ ಬಯಲಾಗಿರುತ್ತದೆ. ಮೊಬೈಲಿನಲ್ಲಿ ಫೋಟೊ ತೆಗೆದು ಜಾಗ ಗುರುತು ಹಾಕಿಕೊಳ್ಳಿ. ನೀರು ತುಂಬಿದ ಮೇಲೆ ಮೀನು ಓಡಾಡುವುದು ಆ ಹಳೆಯ ಪಾತ್ರದ ಅಂಚಿನಲ್ಲಿ, ನಿಲ್ಲುವುದು ಬದು-ಬೊಡ್ಡೆಗಳ ಮರೆಯಲ್ಲಿ. ತೆರೆದ ಸಪಾಟು ನೆಲದ ಮೇಲಿನ ನೀರು ನೋಡಲು ವಿಶಾಲ, ಗಾಳಕ್ಕೆ ಬರಡು.

ಕೊಕ್ಕೆಯ ಸಂಖ್ಯೆ ಹೊಸಬರಿಗೆ ಗೊಂದಲ ತರುತ್ತದೆ. ಸಂಖ್ಯೆ ಹೆಚ್ಚಾದಷ್ಟೂ ಕೊಕ್ಕೆ ಸಣ್ಣದು: 12ನೇ ನಂಬರು ಜಿಲೇಬಿಗೆ, 6 ಅಥವಾ 4 ಗೆಂಡೆಗಳಿಗೆ. ಒಂದನ್ನು ದಾಟಿದ ಮೇಲೆ ಸಂಖ್ಯೆಯ ಮುಂದೆ ಗೆರೆ ಎಳೆದು ಸೊನ್ನೆ ಹಾಕಿರುತ್ತಾರೆ (1/0, 2/0 ಹೀಗೆ), ಅಲ್ಲಿಂದ ಸಂಖ್ಯೆ ಹೆಚ್ಚಿದಂತೆ ಕೊಕ್ಕೆಯೂ ದೊಡ್ಡದಾಗುತ್ತದೆ. ಕೊರವ, ಬಾಳೆಗಳಿಗೆ ಆ ಸಾಲಿನವೇ ಬೇಕು. ರೋಹುವಿನ ಬಾಯಿ ಚಿಕ್ಕದೆಂಬುದನ್ನು ನೆನಪಿಟ್ಟುಕೊಂಡರೆ ದೊಡ್ಡ ಕೊಕ್ಕೆ ಕೊಳ್ಳುವ ತಪ್ಪು ಆಗುವುದಿಲ್ಲ.

ಬಿಡಬೇಕೆಂದಿರುವ ಮೀನನ್ನು ಒದ್ದೆ ಕೈಯಿಂದಲೇ ಹಿಡಿಯಿರಿ. ಮೈಮೇಲಿನ ಲೋಳೆ ಅದಕ್ಕೆ ರೋಗಗಳಿಂದ ರಕ್ಷಣೆ, ಒಣ ಕೈ ಅಥವಾ ಕಾದ ಕಲ್ಲು ತಾಗಿದರೆ ಅದು ಕಿತ್ತುಹೋಗುತ್ತದೆ. ನಡುಬೇಸಿಗೆಯಲ್ಲಿ ಹೆಚ್ಚು ಹೊತ್ತು ಆಡಿಸಿ ದಣಿಸಿದ ಗೆಂಡೆ ಬಿಟ್ಟ ಮೇಲೂ ಬದುಕುವುದು ಕಷ್ಟ, ಆ ಕಾಲದಲ್ಲಿ ಬಿಡುವ ಆಟ ಆಡದಿರುವುದೇ ಒಳ್ಳೆಯದು.

ಇನ್ನು ಎಲ್ಲಿ ಹಿಡಿಯಬಾರದು ಎಂಬುದು. ಚಂದ್ರಂಪಳ್ಳಿ ಜಲಾಶಯ ಚಿಂಚೋಳಿ ವನ್ಯಜೀವಿ ಧಾಮದೊಳಗಿದೆ, ಅಲ್ಲಿ ಗಾಳ ಹಾಕುವಂತಿಲ್ಲ. ಸುರಪುರದ ಬೋನಾಳ ಕೆರೆ ಹಕ್ಕಿಗಳಿಗೆ ಸೇರಿದ್ದು, ದೂರವಿರಿ. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೊಣಕಾಲು ನೀರಿಗೂ ಇಳಿಯಬೇಡಿ. ತೋಟೆ ಸಿಡಿಸಿ, ವಿಷ ಹಾಕಿ ಮೀನು ಹಿಡಿಯುವುದು 1897ರ ಕಾನೂನಿನಿಂದಲೂ ಅಪರಾಧ, ಕಂಡರೆ ತಿಳಿಸಿ. ಉಳಿದ ಕೆರೆ, ಜಲಾಶಯಗಳಲ್ಲಿ ಮೀನಿನ ಹಕ್ಕು ಗುತ್ತಿಗೆ ಅಥವಾ ಪರವಾನಗಿ ಪಡೆದವರದು. ಯಾವ ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದು ತಾಲ್ಲೂಕಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಗೊತ್ತಾಗುತ್ತದೆ. ಸಂಘದವರನ್ನು ಮೊದಲೇ ಕಂಡು, ಅವರು ಹೇಳಿದ ಶುಲ್ಕ ಕೊಟ್ಟು, ಯಾವ ದಂಡೆಯಲ್ಲಿ ಬಲೆ ಬಿಟ್ಟಿದ್ದಾರೆಂದು ಕೇಳಿಕೊಂಡು ಕುಳಿತುಕೊಳ್ಳಿ. ಯಾವ ಮೀನು ಈ ವಾರ ಎಲ್ಲಿ ಓಡಾಡುತ್ತಿದೆ ಎಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಕೇಳಿದರೆ ಹೇಳುತ್ತಾರೆ.